ಕಂದು ಬೂಟಿನ ಮುದುಕ

ಕಾರಿನಡಿ ಅಂಗಾತ ಮಲಗಿದ್ದ ದೊರೆಯ ಕಣ್ಣಿಗೆ ಮೊದಲು ಬಿದ್ದದ್ದು ಆ ಕಂದು ಬೂಟುಗಳು. ಶೆಡ್ಡಿನ ಬಾಗಿಲಾಚೆ, ಬೀದಿಯ ಅಂಚಿನಲ್ಲಿ, ಅಲುಗಾಡದೆ ನಿಂತಿದ್ದವು. ನಿನ್ನೆಯೂ ಇದ್ದವು. ಮೊನ್ನೆಯೂ.

"ಯಾರದು?" ಎನ್ನುತ್ತ ಏಳಹೋದ. ಹಣೆ ಸೈಲೆನ್ಸರಿಗೆ ಬಡಿಯಿತು. ಆಗ ಅವನ ಬಾಯಿಂದ ಹೊರಟ ಮಾತು ಕೇಳಿ ಎದುರು ಮನೆಯ ಗಿಳಿ ವಾರವಿಡೀ ಮೌನವ್ರತ ಹಿಡಿಯಿತು.

ಹೊರಬಂದು ನೋಡಿದರೆ ಒಬ್ಬ ಮುದುಕ ಆಗಲೇ ಬೀದಿಯ ಆಚೆ ಬದಿಯ ಕಟ್ಟೆಯ ಮೇಲೆ ಕೂತು ಪೇಪರ್ ಬಿಡಿಸಿಕೊಂಡಿದ್ದ. ಪೇಪರು ಹೋದ ತಿಂಗಳದ್ದು.

ದೊರೆ ಎಂಬುದು ಬೀದಿಯವರು ಇಟ್ಟ ಹೆಸರು. ಜರ್ಮನಿಯ ಆ ದೊಡ್ಡ ಕಾರು ಶೆಡ್ಡಿಗೆ ಬಂದ ಮೇಲೆ ಇಟ್ಟದ್ದು. ಕಾರಿಗೆ ವಯಸ್ಸಾಗಿತ್ತು, ಆದರೆ ಠೀವಿ ಎಂದರೆ, ಅದು ಬೀದಿಗೆ ಬಂದರೆ ಅಕ್ಕಪಕ್ಕದ ಗೋಡೆಗಳೇ ಸರಿದು ದಾರಿ ಬಿಡಬೇಕು. ವಿದೇಶಕ್ಕೆ ಹೊರಟ ಗೆಳೆಯನೊಬ್ಬ ಪುಕ್ಕಟೆಯೆಂಬಂತೆ ಕೊಟ್ಟ ಎಂದು ಹೆಂಡತಿಗೆ ಹೇಳಿದ್ದ. ಬೆಳ್ಳಿ ಬಣ್ಣ ಅವನಿಗೆ ಹಿಡಿಸಲಿಲ್ಲ. ತಾನೇ ಕಪ್ಪು ಬಳಿದ. ನಂಬರ್ ಪ್ಲೇಟೂ ಹೊಳೆಯುವ ಹೊಸದು.

"ಕೊಟ್ಟೋನು ನಿಮಗೆ ಟೋಪಿ ಹಾಕಿದಾನೆ ರೀ," ಎನ್ನುತ್ತಿದ್ದಳು ಅವಳು.

"ನನಗೆ ಟೋಪಿ ಹಾಕೋನು ಇನ್ನೂ ಹುಟ್ಟಿಲ್ಲ ಕಣೇ."

ಕಾರಿಗೆ ಈ ವಿಷಯ ತಿಳಿದಂತಿರಲಿಲ್ಲ. ಬೆಳಗಾದರೆ ಸಸ್ಪೆನ್ಷನ್ನಿನ ಗಾಳಿ ಇಳಿದು ಒಂಟೆಯ ಹಾಗೆ ಮಂಡಿಯೂರಿ ಕೂತಿರುತ್ತಿತ್ತು. ಬಾನೆಟ್ ಎತ್ತಿದರೆ ಒಳಗೊಂದು ಮಹಾನಗರ. ಬೆರಳುದ್ದದ ಪ್ಲಾಸ್ಟಿಕ್ ಪೈಪು ಒಡೆದು ನೀರು ಸೋರುತ್ತಿತ್ತು. ಅದನ್ನು ಮುಟ್ಟಬೇಕಾದರೆ ಅರ್ಧ ಎಂಜಿನ್ ಬಿಚ್ಚಬೇಕು. ಬಿಚ್ಚೋಣವೆಂದರೆ ಸ್ಕ್ರೂಗಳ ತಲೆ ನಕ್ಷತ್ರದಾಕಾರ. ಅದಕ್ಕೆ ಹೊಂದುವ ಉಪಕರಣ ಈ ಭೂಮಿಯ ಮೇಲಿದೆಯೋ ಇಲ್ಲವೋ. ಒಂದು ಎಚ್ಚರಿಕೆ ದೀಪ ಆರಿಸಿದರೆ ಎರಡು ಹೊತ್ತಿಕೊಳ್ಳುತ್ತಿದ್ದವು.

ಬಿಡಿಭಾಗದ ಅಂಗಡಿಯವರದೆಲ್ಲ ಒಂದೇ ರಾಗ: "ಚಾಸಿಸ್ ನಂಬರ್ ಹೇಳಿ ಸಾರ್, ಇಲ್ದಿದ್ರೆ ಅಳತೆ ತಪ್ಪುತ್ತೆ." ನಂಬರ್ ಕೊಟ್ಟರೆ ಅದು ಕಂಪನಿಗೆ ಮುಟ್ಟುತ್ತದೆ, ಆಮೇಲೆ ಅವರು ಚರ್ಮ ಸುಲಿಯುತ್ತಾರೆ ಎಂಬುದು ದೊರೆಯ ವಾದ. ಅಂದಾಜಿನ ಮೇಲೆ ತಂದ. ತಂದದ್ದೆಲ್ಲ ತಪ್ಪಿತು. ಆ ತಪ್ಪು ಪೈಪುಗಳಲ್ಲೇ ಇಡೀ ಊರಿಗೆ ನಲ್ಲಿ ಹಾಕಿಸಬಹುದಿತ್ತು.

ಗ್ಯಾರೇಜಿಗೆ ಕೊಡಿ ಎಂದರೆ ಉರಿದುಬೀಳುತ್ತಿದ್ದ. ಸ್ವಂತ ಕೈಯಲ್ಲೇ ಆಗಬೇಕು, ಅದೂ ಭಾನುವಾರದೊಳಗೆ. ಭಾನುವಾರ ಮಾವ ಬರುವವರಿದ್ದರು. ಮದುವೆಯಾದಂದಿನಿಂದ ಮಾವ ಅವನನ್ನು ಜನರಿಗೆ ಪರಿಚಯಿಸುತ್ತಿದ್ದುದು ಒಂದೇ ರೀತಿ: "ನಮ್ಮ ಹುಡುಗಿ ಗಂಡ. ಏನೋ ಮಾಡ್ಕೊಂಡಿದಾನೆ." ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಊರು ಸುತ್ತಿಸಿ, ಆ 'ಏನೋ'ವನ್ನು ಅವರಿಗೇ ನುಂಗಿಸುವ ತನಕ ದೊರೆಗೆ ಊಟ ರುಚಿಸುವಂತಿರಲಿಲ್ಲ.

ನಡುವೆ ಈ ಮುದುಕ ಬೇರೆ. ದೊರೆ ಹಣೆ ಒರೆಸಿಕೊಳ್ಳುತ್ತ ನೇರ ಹೋಗಿ ಎದುರು ನಿಂತ.

"ಯಜಮಾನ್ರೇ, ದಿನಾ ಏನು ನೋಡ್ತಿರ್ತೀರಿ ಇಲ್ಲಿ?"

"ಕಾರು," ಎಂದ ಮುದುಕ. "ಕೆಮ್ಮು ಕಡಿಮೆ ಆಗಿದೆ. ಒಳ್ಳೇ ಕೈ ನಿಮ್ಮದು."

"ಇದರ ವಿಷಯ ನಿಮಗೇನು ಗೊತ್ತು?"

"ನನ್ನ ಹತ್ರಾನೂ ಇಂಥದ್ದೇ ಒಂದಿದೆ."

"ಎಲ್ಲಿ? ಕಾಣೋದೇ ಇಲ್ಲ."

"ರಿಪೇರಿಗೆ ಬಿಟ್ಟಿದೀನಿ."

ದೊರೆ ನಂಬಲಿಲ್ಲ. ಇಂಥ ಕಾರಿಟ್ಟವನು ಸವೆದ ಬೂಟಿನಲ್ಲಿ ನಡೆದು ಬರುತ್ತಾನೆಯೇ? ಮುದುಕ ಎದ್ದು ಪೇಪರ್ ಮಡಿಸಿದ. ಹೊರಡುತ್ತ, "ಹಿಂದಿನ ಎಡಗಡೆ ಬಾಗಿಲು ಒಂಚೂರು ಎತ್ತಿ ತೆಗೀಬೇಕು. ಸುಮ್ನೆ ಎಳೆದ್ರೆ ಮುನಿಸ್ಕೊಳ್ಳುತ್ತೆ," ಎಂದ.

ದೊರೆ ತಟ್ಟನೆ ಶೆಡ್ಡಿನತ್ತ ತಿರುಗಿ ನೋಡಿದ. ಆ ಬಾಗಿಲು ಶೆಡ್ಡಿನ ಗೋಡೆಯ ಕಡೆಗಿತ್ತು. ಬೀದಿಗೆ ಕಾಣುವುದೇ ಇಲ್ಲ. ಹಾಗಾದರೆ ಮುದುಕ ಒಳಗೆ ನುಗ್ಗಿ ನೋಡಿದ್ದಾನೆ.

ಅಂದೇ ಬ್ಯಾಂಕಿನ ತಿಜೋರಿ ನಾಚುವಂಥ ಬೀಗ ತಂದ. ಕಾರಿನ ಜೊತೆ ಬಂದದ್ದು ಒಂದೇ ಕೀಲಿ; ಅದನ್ನು ಕೊರಳಿಗೆ ಕಟ್ಟಿಕೊಂಡ.

"ಅಷ್ಟು ಅನುಮಾನ ಇದ್ರೆ ಪೊಲೀಸರಿಗೆ ಹೇಳಿ ರೀ," ಎಂದಳು ಹೆಂಡತಿ.

"ಪೊಲೀಸರೆಲ್ಲ ಯಾಕೆ? ನನ್ನ ಕಾರು ನಾನು ಕಾಯ್ಕೋತೀನಿ."

ಶುಕ್ರವಾರ ಶೆಡ್ಡಿನ ಬಾಗಿಲಲ್ಲಿ ಒಂದು ರಟ್ಟಿನ ಡಬ್ಬಿ ಕೂತಿತ್ತು. ಒಳಗೆ ಅದೇ ಪೈಪು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಅಂಗಡೀಲಿ ಕೇಳೋ ರೀತಿ ಕೇಳಿದ್ರೆ ಕೊಡ್ತಾರೆ," ಎಂದ ಕಟ್ಟೆಯ ಮೇಲಿನ ಮುದುಕ.

ದೊರೆ ಅವನನ್ನು ದುರುಗುಟ್ಟಿ ನೋಡಿದ. ಕದಿಯುವವನಿಗೆ ಓಡುವ ಕಾರೇ ಬೇಕಲ್ಲ, ಅದಕ್ಕೇ ಈ ಉಪಕಾರ ಎಂದು ಲೆಕ್ಕ ಹಾಕಿದ. ಆದರೂ ಪೈಪನ್ನು ಬಿಟ್ಟುಕೊಡುವಷ್ಟು ಅನುಮಾನ ಯಾರಿಗಿರುತ್ತದೆ?

ಭಾನುವಾರ ಮಾವ ಬಂದರು. ದೊರೆ ಕೀಲಿ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಹತ್ತಿತು, ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಮಂಡಿಯೂರಿದ್ದ ಕಾರು ಮೆಲ್ಲನೆ ಎದ್ದು ನಿಂತು, ಬೀದಿಗೆ ಇಳಿಯಿತು. ಒಂದು ಎಚ್ಚರಿಕೆ ದೀಪವೂ ಇಲ್ಲ. ಅವನು ಎಂಜಿನ್ ಆರಿಸಿ ಇಳಿದ ಮೇಲೆ ಮಾವ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಎಲ್ಲಾ ನೀನೇ ಮಾಡಿದ್ಯಾ?"

"ಒಂದೊಂದು ಸ್ಕ್ರೂನೂ ನಾನೇ ಮಾವ."

ಮಾವ ನೆರೆದಿದ್ದ ಬೀದಿಯವರ ಕಡೆ ತಿರುಗಿದರು. "ನಮ್ಮ ಅಳಿಯ," ಎಂದರು. ಬೇರೇನೂ ಸೇರಿಸಲಿಲ್ಲ. ದೊರೆಯ ಎದೆ ಉಬ್ಬಿದ ರಭಸಕ್ಕೆ ಅಂಗಿಯ ಗುಂಡಿ ಹಾರಿ ಮೂರನೇ ಮನೆಯ ಅಂಗಳಕ್ಕೆ ಬಿತ್ತು.

ಆಗ ಕಂದು ಬೂಟುಗಳು ಬೀದಿ ದಾಟಿದವು. ಮುದುಕನ ಬಲಗೈ ಜೇಬಿನೊಳಗಿತ್ತು. ದೊರೆ ತಟ್ಟನೆ ಕೊರಳಿನ ಕೀಲಿ ಒತ್ತಿದ. ಟಕ್. ನಾಲ್ಕೂ ಬಾಗಿಲು ಭದ್ರ.

"ಯಾರೋ ಈತ? ಪೊಲೀಸರನ್ನ ಕರೀಲಾ?" ಎಂದರು ಮಾವ.

ದೊರೆ ಬೇಡವೆಂಬಂತೆ ಕೈಯಾಡಿಸಿದ.

ಮುದುಕ ಜೇಬಿನಿಂದ ಕೈ ತೆಗೆದ. ಅದರಲ್ಲೊಂದು ಕೀಲಿ, ದೊರೆಯ ಕೊರಳಿನದರ ಅವಳಿ. ಒತ್ತಿದ. ಟಕ್. ನಾಲ್ಕೂ ಬಾಗಿಲು ಸಡಿಲ. ಹಿಂದಿನ ಎಡಗಡೆ ಬಾಗಿಲನ್ನು ಒಂಚೂರು ಎತ್ತಿ ತೆಗೆದು, ಪೇಪರನ್ನು ಸೀಟಿನ ಮೇಲೆ ಎಸೆದು, ಸ್ಟೀರಿಂಗಿನ ಹಿಂದೆ ಹೋಗಿ ಕೂತ.

"ನನ್ನ ಕಾರು ನಿನ್ನ ಶೆಡ್ಡಲ್ಲಿದೆ ಅಂತ ಗೊತ್ತಾದ ದಿನಾನೇ ಪೊಲೀಸರಿಗೆ ಹೇಳ್ಬಹುದಿತ್ತು ಕಣಪ್ಪ," ಎಂದ, ಕನ್ನಡಿ ಸರಿಪಡಿಸಿಕೊಳ್ಳುತ್ತ, "ಆದ್ರೆ ಇದನ್ನ ರಿಪೇರಿ ಮಾಡೋರು ಯಾರು?"