ಎರಡು ಒಪ್ಪಿಗೆ, ಮೂರು ವಿರೋಧ

ಧಾರವಾಡದ ಎಲ್ಲ ಮನೆಗಳ ಗೋಡೆಗಳಂತೆ ಇಂದುಮತಿಬಾಯಿಯ ಮನೆಯ ಗೋಡೆಗಳೂ ಬೇಕೆಂದು ಕೇಳಿದ್ದನ್ನು ಹಾಡುತ್ತಿದ್ದವು. ಸೋಮವಾರ ದೊಡ್ಡ ಅಪ್‌ಡೇಟ್ ಬಂದ ಮೇಲೆ ಮಾತ್ರ, ಕೋಣೆಯಲ್ಲಿದ್ದವರ ಮನಸ್ಸು ತಿಳಿದು, ಹೆಚ್ಚು ಮಂದಿ ಒಪ್ಪಿದರಷ್ಟೇ ಹಾಡತೊಡಗಿದವು.

ನಲವತ್ತು ವರ್ಷಗಳ ನಂತರ ಆ ಸಂಜೆ ಇಂದುಮತಿಬಾಯಿ ಮತ್ತೆ ವೇದಿಕೆ ಹತ್ತಿ ರಂಗಗೀತೆ ಹಾಡುವವರಿದ್ದರು. ಅಭ್ಯಾಸಕ್ಕೆ ಹಾರ್ಮೋನಿಯಂ ಕೇಳಿದರೆ ಪಡಸಾಲೆಯ ಗೋಡೆ ಜೋರಾಗಿ ಎರಡೇ ಸ್ವರ ನುಡಿಸಿ ನಿಂತಿತು. “ಎರಡು ಒಪ್ಪಿಗೆ, ಮೂರು ವಿರೋಧ,” ಎಂದಿತು.

“ಹಾಳಾದ ಅಪ್‌ಡೇಟ್! ಇಲ್ಲಿ ಇರೋರ ನಾವಿಬ್ಬರು. ನೀವೇನರ ಬ್ಯಾಡ ಅಂದ್ರೇನ್ರಿ?” ಎಂದು ಗಂಡನನ್ನು ಕೇಳಿದರು.

“ನಾ ಯಾಕ ಅನ್ಲಿ? ಇನ್ನೂ ಮೂರು ಮಂದಿ ಯಾರ್ ಅದಾರ ನೋಡು,” ಎಂದರು ವಾಮನರಾಯರು.

ಸಿಟ್ಟಿನಲ್ಲೇ ಹುಡುಕಲು ಹೊರಟ ಇಂದುಮತಿಬಾಯಿಗೆ ಬರಬರುತ್ತ ಕುತೂಹಲವೇ ಹೆಚ್ಚಾಯಿತು. ಮಂಚದ ಕೆಳಗೆ, ಕಪಾಟಿನ ಹಿಂದೆ ನೋಡಿದರು. ಕೊನೆಗೆ ಸ್ಟೂಲು ಹತ್ತಿ ಬೆಳಕಿಂಡಿಯಲ್ಲಿ ಇಣುಕಿದರೆ, ಗುಬ್ಬಿಗೂಡಿನಲ್ಲಿ ಮೂರು ಮರಿಗಳು ಒಂದಕ್ಕೊಂದು ಒತ್ತಿಕೊಂಡು ನಡುಗುತ್ತಿದ್ದವು.

“ಅಯ್ಯ, ನನ್ನ ಕೂಸುಗಳ, ಅಂಜಿದ್ರೇನು?” ಎಂದು ಪಿಸುಗುಟ್ಟಿ, ಸ್ಟೂಲಿನ ಮೇಲೇ ನಿಂತು, ವಾದ್ಯವಿಲ್ಲದೆ, ತೊಟ್ಟಿಲು ತೂಗುವಾಗಿನಷ್ಟು ಮೆಲ್ಲಗೆ ಪಲ್ಲವಿ ಹಾಡಿದರು. ಎರಡನೇ ಸಲ ಹಾಡುವಾಗ ಗೋಡೆಯ ಹಾರ್ಮೋನಿಯಂ ತಾನಾಗಿ, ಅಷ್ಟೇ ಮೆಲ್ಲಗೆ ಜೊತೆಗೂಡಿತು.

“ಮೂರು ಒಪ್ಪಿಗೆ, ಎರಡು ವಿರೋಧ,” ಎಂದಿತು ಗೋಡೆ.

ಇಂದುಮತಿಬಾಯಿ ಹಾಡು ನಿಲ್ಲಿಸದೆ, ಒಪ್ಪಿದ ಮರಿ ಯಾವುದೆಂದು ಒಂದೊಂದರ ಮುಖವನ್ನೂ ನೋಡತೊಡಗಿದರು.