ಪೋಸ್ಟರಿನ ಮೂಲೆಯ ಬೆಕ್ಕು

ಸಾಸಿವೆ ಎಣ್ಣೆ ಕಂಪನಿಯ ಕುಂಡುಬಾಬು ಪೋಸ್ಟರಿನ ಮೂಲೆಗೆ ಬೆರಳಿಟ್ಟು ಕೇಳಿದರು: "ಈ ಬೆಕ್ಕು ಯಾಕಪ್ಪಾ ಇಲ್ಲಿ?"

ಜಾಹೀರಾತು ಏಜೆನ್ಸಿಯ ಚಿತ್ರಕಾರ ಬಿಭಾಸನಿಗೆ ಹೋದ ಜೀವ ಬಂದಂತಾಯಿತು. ಏನಾದರೊಂದು ತೆಗೆಸದೆ ಯಾವ ಗಿರಾಕಿಯೂ ಒಪ್ಪುವುದಿಲ್ಲವೆಂದು, ತೆಗೆಸಲಿಕ್ಕೆಂದೇ ಅವನು ಪ್ರತಿ ಸಲ ಒಂದು ಬೇಡದ ವಸ್ತುವನ್ನು ಬರೆದಿಡುತ್ತಿದ್ದ. ಈ ಸಲ ಉಳಿಯಬೇಕಾದದ್ದು ಇಲಿಶ್ ಮೀನು ಕರಿಯುತ್ತಿದ್ದ ಸುಕ್ಕುಗಟ್ಟಿದ ಕೈ. ಅದು ಅವನ ಅಮ್ಮನ ಕೈ.

"ತೆಗೆದುಬಿಡ್ತೀನಿ ಬಾಬು, ಈಗಲೇ!" ಎಂದ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಸುತಪಾ ಚಹಾದ ಕುಡಿಕೆಯ ಹಿಂದೆ ನಗು ಮುಚ್ಚಿಕೊಂಡಳು.

ಕುಂಡುಬಾಬು ಕನ್ನಡಕ ತೆಗೆದರು. "ಹೋದ್ಸಲ ಛತ್ರಿ, ಅದಕ್ಕೂ ಮುಂಚೆ ಟ್ರಾಮು. ನಂಗೇನು ಗೊತ್ತಾಗಲ್ವೇನೋ? ಇಲ್ಲಿಗೆ ಹೊರಡೋ ಮುಂಚೆ ನಾನೂ ನನ್ನ ಮೊಮ್ಮಗಳೂ ಪಂತ ಕಟ್ತೀವಿ, ಈ ಸಲ ಏನು ತುರುಕಿರ್ತಾನೆ ಅಂತ. ಅವಳು ಬೆಕ್ಕು ಅಂದ್ಲು."

ಬಿಭಾಸ್ ಮೀನು ಕರಿಯುವ ಕೈಯತ್ತ ಬೆರಳು ತೋರಿಸಿದ. "ಹಾಗಾದ್ರೆ... ಈ ಕೈ?"

"ಅದನ್ನ ಮುಟ್ಟಬೇಡ. ನೋಡಿದ್ರೇ ಹಸಿವಾಗುತ್ತೆ." ಬಾಗಿಲವರೆಗೆ ಹೋದವರು ತಿರುಗಿ, ದನಿ ತಗ್ಗಿಸಿದರು. "ಮುಂದಿನ ಸಲ ಒಂದು ಆನೆ ಬರೆದಿಡು ಮಾರಾಯ. ನಾನೂ ಒಂದ್ಸಲ ಗೆಲ್ಲೋದು ಬೇಡ್ವಾ?"