ಬಿಡಿಸದ ಪಥ್ಯ

ಗಂಡನ ಹಾಲುತುಪ್ಪದ ದಿನ ಕೆಂಚವ್ವ, ಅವನನ್ನು ಹೂತ ಮಣ್ಣಿನ ಮೇಲೆ ಎಲೆ ಹಾಸಿ ಮುದ್ದೆ, ಉಪ್ಪುಸಾರು ಬಡಿಸಿದಳು. ಕಾಗೆಯೊಂದು ಬೇಲಿಯ ಮೇಲೆ ಬಂದು ಕೂತಿತು. ಎಲೆಯನ್ನೇ ನೋಡುತ್ತಿತ್ತು, ಇಳಿಯಲಿಲ್ಲ.

"ಕಾಮಾಲೆ ಅಂತ ಒಂದು ಹರಳು ಉಪ್ಪು ಕೊಡ್ದೆ ಸಾಯ್ಸ್ದೆ. ಮುನಿಸ್ಕೊಂಡವ್ನೆ ನನ್ನ ತಮ್ಮ," ಎಂದಳು ಗಂಡನ ಅಕ್ಕ.

ಕೆಂಚವ್ವ ಮಣ್ಣಿಗೆ ಹಣೆ ಹಚ್ಚಿದಳು. "ನನ್ನ ಬೇಕಾದಂಗೆ ಬೈಯಿ. ಹಸ್ಕೊಂಡು ಮಾತ್ರ ಹೋಗ್ಬ್ಯಾಡ."

ಕಾಗೆ ಕದಲಲಿಲ್ಲ.

ಅಷ್ಟರಲ್ಲಿ, ನೆಲನೆಲ್ಲಿ ಅರೆದು ಮದ್ದು ಕೊಟ್ಟಿದ್ದ ಮುದಿ ಪಂಡಿತರು ಕೋಲೂರಿಕೊಂಡು ಬಂದರು. ಎಲೆ ನೋಡಿದರು, ಕಾಗೆಯನ್ನೂ ನೋಡಿದರು.

"ನಿನ್ನ ಮೇಲಿನ ಮುನಿಸಲ್ಲ ಕಣವ್ವ. ನಾನು ಹೇಳೋಗಂಟ ಉಪ್ಪು ಮುಟ್ಟಲ್ಲ ಅಂತ ನನ್ನ ಕೈಮೇಲೆ ಆಣೆ ಇಟ್ಟಿದ್ದ." ಬೇಲಿಯತ್ತ ತಿರುಗಿದರು. "ಪಥ್ಯ ಬಿಡ್ಸಿದೀನಿ. ಉಣ್ಣಪ್ಪ."

ಪಂಡಿತರು ಬಾಯಿ ಮುಚ್ಚುವ ಮೊದಲೇ ಕಾಗೆ ಎಲೆಗೆ ಇಳಿದಿತ್ತು.